ಒಳ್ಳೆಯ ಕಾಫಿ ಎಲ್ಲಿ ಸಿಗುತ್ತದೆ?

(ದಾಂಡೇಲಿಯ ವಿದ್ಯಾರ್ಥಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಅಣೆಕಟ್ಟು, ಹೆದ್ದಾರಿ, ಗಣಿ, ಅರಣ್ಯ ಹಕ್ಕು ಮುಂತಾದ ಗಂಭೀರ ವಿಷಯಗಳನ್ನು ಕುರಿತು ಮಾತನಾಡುವುದು ಇಂಥ ಶಿಬಿರಗಳ ವಾಡಿಕೆ. ಇಂದು ವಿದ್ಯಾರ್ಥಿಗಳು ನನ್ನ ಮುಂದಿಟ್ಟಿರುವ ಪ್ರಶ್ನೆ ಮೇಲ್ನೋಟಕ್ಕೆ ಬಹಳ ಸಣ್ಣದು: ‘ನಮ್ಮ ಊರಿನಲ್ಲಿ ಒಳ್ಳೆಯ ಕಾಫಿ ಎಲ್ಲಿ ಸಿಗುತ್ತದೆ? ಕುಳಿತು ಮಾತನಾಡಲು ಯೋಗ್ಯವಾದ ಜಾಗ ಯಾವುದು?’ ಪ್ರಶ್ನೆ ಸಣ್ಣದೆಂದು ತಳ್ಳಿಹಾಕುವ ಮನಸ್ಸು ನನಗಿಲ್ಲ. ದಿನಕ್ಕೆ ಎರಡು ಬಾರಿ ನಾವು ಬಾಯಿಗೆ ಇಡುವ ವಸ್ತುವಿನಲ್ಲಿ ನಮ್ಮ ಕಾಡು, ನಮ್ಮ ಎಮ್ಮೆ, ನಮ್ಮ ಹೊಳೆ ಇವೆಲ್ಲವೂ ಇವೆ. ಅವುಗಳನ್ನು ಅಲ್ಲಿ ಗುರುತಿಸಲು ಕಲಿತರೆ ಉಳಿದ ದೊಡ್ಡ ವಿಷಯಗಳೂ ತಾವಾಗಿ ಅರ್ಥವಾಗುತ್ತವೆ.

ಅಂಗಡಿಗಳ ಹೆಸರಿನ ಪಟ್ಟಿಯನ್ನು ನಾನು ಕೊಡುವುದಿಲ್ಲ. ಇಂದು ಚೆನ್ನಾಗಿರುವ ಹೋಟೆಲು ನಾಳೆ ಕೈ ಬದಲಾಯಿಸಬಹುದು, ಪಟ್ಟಿ ಹಳತಾಗುತ್ತದೆ. ಒಳ್ಳೆಯ ಕಾಫಿಯನ್ನು ಗುರುತಿಸುವ ವಿಧಾನ ಮಾತ್ರ ಹಳತಾಗುವುದಿಲ್ಲ. ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಸಾಕು. ಪುಡಿ ಎಂಥದು? ಹಾಲು ಯಾರದು? ಕೊಡುವ ಪಾತ್ರೆ ಯಾವುದು? ಬೀಜ ಬೆಳೆದ ಗಿಡಕ್ಕೆ ನೆರಳು ಕೊಟ್ಟ ಮರ ಯಾವುದು? ಇವಿಷ್ಟೇ ಇಂದಿನ ನನ್ನ ಮಾತಿನ ಸಾರ.

ಚಹಾದ ಸೀಮೆಗೆ ಬಂದ ನೆಂಟ

ಮೊದಲಿಗೆ ಒಂದು ಮಾತನ್ನು ಒಪ್ಪಿಕೊಳ್ಳೋಣ. ನಮ್ಮದು ಚಹಾದ ಸೀಮೆ. ಹಳಿಯಾಳದ ಸಂತೆಗೆ ಹೋದರೂ ಮುಂಡಗೋಡದ ಬಸ್ ನಿಲ್ದಾಣದಲ್ಲಿ ಇಳಿದರೂ ಮೊದಲು ಕಿವಿಗೆ ಬೀಳುವ ಮಾತು ‘ಚಾ ಕುಡೀರಿ’ ಎಂಬುದೇ. ಇದಕ್ಕೆ ಚಾರಿತ್ರಿಕ ಹಿನ್ನೆಲೆಯೂ ಇದೆ ಎಂದು ನಾನು ಭಾವಿಸುತ್ತೇನೆ. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಮ್ಮ ಮುಖ ಮುಂಬಯಿಯ ಕಡೆಗೇ ಇತ್ತು. ವ್ಯಾಪಾರ ಸಂಬಂಧಗಳು ಧಾರವಾಡ, ಬೆಳಗಾವಿ, ಗೋವೆಗಳೊಂದಿಗೆ ಬೆಳೆದವು. ಕಾಫಿಯ ನೆಲೆಗಳಾದ ಚಿಕ್ಕಮಗಳೂರು, ಕೊಡಗು, ಹಾಸನಗಳು ನಮಗೆ ಬೇರೆ ರಾಜ್ಯದ ಊರುಗಳಾಗಿದ್ದವು.

ಹಾಗೆಂದು ನಮ್ಮ ಘಟ್ಟದ ಮನೆಗಳಲ್ಲಿ ಬಿಸಿ ಪಾನೀಯಕ್ಕೆ ಬರವಿರಲಿಲ್ಲ. ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸುಗಳನ್ನು ಹುರಿದು ಪುಡಿ ಮಾಡಿ, ಬೆಲ್ಲ ಹಾಕಿ ಕುದಿಸಿ, ಹಾಲು ಬೆರೆಸಿದ ಕಷಾಯ ಇಂದಿಗೂ ಅತಿಥಿ ಸತ್ಕಾರದ ಮೊದಲ ಲೋಟ. ಮಳೆಗಾಲದಲ್ಲಿ ರಸ್ತೆಬದಿಯಲ್ಲಿ ತಾನಾಗಿ ಹುಟ್ಟುವ, ಕೊಂಕಣಿಯಲ್ಲಿ ತೈಕಿಳೊ ಎಂದು ಕರೆಯುವ ಚಗಟೆ ಗಿಡದ ಬೀಜವನ್ನು ಹುರಿದು ಕಾಫಿಯ ಬದಲಿಗೆ ಬಳಸುವ ರೂಢಿಯೂ ನಮ್ಮ ಕಡೆ ಗೊತ್ತಿಲ್ಲದ್ದಲ್ಲ.

ಕಾಫಿಯು ನಮ್ಮ ರಾಜ್ಯಕ್ಕೆ ಬಂದದ್ದು ಹದಿನೇಳನೆಯ ಶತಮಾನದಲ್ಲಿ, ಸೂಫಿ ಸಂತ ಬಾಬಾ ಬುಡನ್ ಅವರ ಮೂಲಕ ಎಂಬ ಪ್ರತೀತಿಯಿದೆ. ಹಜ್ ಯಾತ್ರೆಯಿಂದ ಮರಳುವಾಗ ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂದು ಹೇಳುತ್ತಾರೆ. ಆ ಗಿಡದ ಮೂಲ ಮನೆ ಇಥಿಯೋಪಿಯಾದ ಕಾಡು. ಅಲ್ಲಿ ಅದು ದೊಡ್ಡ ಮರಗಳ ಕೆಳಗೆ, ಚುಕ್ಕೆ ಚುಕ್ಕೆಯಾಗಿ ಬೀಳುವ ಬೆಳಕಿನಲ್ಲಿ ಬೆಳೆಯುವ ಪೊದೆ. ಕಾಫಿ ಎಂಬುದು ಮೂಲತಃ ನೆರಳಿನ ಗಿಡ; ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಕೊನೆಯಲ್ಲಿ ಅದರ ಅಗತ್ಯ ಬೀಳುತ್ತದೆ.

ದಾಂಡೇಲಿಗೆ ಕಾಫಿಯ ರುಚಿ ಬಂದದ್ದು ಕಾರ್ಖಾನೆಯ ಬೆನ್ನಿಗೆ. 1950ರ ದಶಕದಲ್ಲಿ ಕಾಗದ ಕಾರ್ಖಾನೆ ಇಲ್ಲಿ ನೆಲೆಯೂರಿದಾಗ ಕೇರಳ, ತಮಿಳುನಾಡು, ಆಂಧ್ರ, ಉತ್ತರ ಭಾರತಗಳಿಂದ ಕುಟುಂಬಗಳು ಬಂದವು. ದಾಂಡೇಲಿಯನ್ನು ‘ಮಿನಿ ಇಂಡಿಯಾ’ ಎಂದು ಕರೆಯುವುದು ಇದೇ ಕಾರಣಕ್ಕೆ. ಬೆಳಗಿನ ಡಿಕಾಕ್ಷನ್ ಇಲ್ಲದೆ ಪಾಳಿಗೆ ಹೋಗದ ಕುಟುಂಬಗಳು ಅವುಗಳಲ್ಲಿ ಎಷ್ಟೋ ಇದ್ದವು. ಅನಂತರ ಕಾಳಿ ಯೋಜನೆಯ ಕಾಮಗಾರಿಯಿಂದ ಗಣೇಶಗುಡಿ, ಅಂಬಿಕಾನಗರಗಳಲ್ಲಿ ವಸತಿ ಕಾಲೊನಿಗಳು ಎದ್ದವು. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ನೀರಿನಲ್ಲಿ ಹಳೆಯ ಸೂಪಾ ಪಟ್ಟಣವೇ ಮುಳುಗಿ, ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಬಂದಿತು. ಒಂದು ಪೇಟೆ ಮುಳುಗಿದಾಗ ಅದರ ಚಹಾದಂಗಡಿಗಳೂ, ಕಟ್ಟೆಯ ಮೇಲಿನ ಮಾತುಗಳೂ ಮುಳುಗುತ್ತವೆ. ಕುಳಿತು ಮಾತನಾಡುವ ಜಾಗವೆಂಬುದು ಎಷ್ಟು ಬೆಲೆಯುಳ್ಳದ್ದೆಂಬುದು ಅದನ್ನು ಕಳೆದುಕೊಂಡವರಿಗೆ ಚೆನ್ನಾಗಿ ಗೊತ್ತು.

ಮೂರನೆಯ ಅಲೆ ಪ್ರವಾಸಿಗರದು. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ಹೆಸರು ಬಂದಿತು. ಕಾಳಿಯ ಜಲಕ್ರೀಡೆಗೂ ಮಂಗಟ್ಟೆ ಹಕ್ಕಿಗಳ ದರ್ಶನಕ್ಕೂ ಬರುವವರ ಸಂಖ್ಯೆ ವಾರಾಂತ್ಯದಲ್ಲಿ ಏರುತ್ತದೆ. ಅವರ ಜೊತೆಗೆ ರೆಸಾರ್ಟಿನ ಕಾಫಿ ಯಂತ್ರ, ಸ್ಯಾಷೆ, ಕಾಗದದ ಲೋಟಗಳೂ ಬಂದಿವೆ.

ಪುಡಿ ಎಂಥದು?

ಈಗ ಮೊದಲನೆಯ ಪ್ರಶ್ನೆ. ಹೋಟೆಲಿನ ಕಾಫಿಯ ಪುಡಿಯಲ್ಲಿ ಕಾಫಿ ಮಾತ್ರ ಇರುವುದಿಲ್ಲ. ಬಹಳ ಕಡೆ ಚಿಕೋರಿಯೂ ಇರುತ್ತದೆ. ಚಿಕೋರಿ ವಿಷವಲ್ಲ, ಮೋಸವೂ ಅಲ್ಲ. ಅದು ಒಂದು ಗಿಡದ ಬೇರು. ಹುರಿದು ಪುಡಿ ಮಾಡಿದರೆ ಕಪ್ಪು ಬಣ್ಣವನ್ನೂ ದಪ್ಪವನ್ನೂ ಕಹಿಯನ್ನೂ ಕೊಡುತ್ತದೆ. ಅದರಲ್ಲಿ ಕೆಫೀನ್ ಇಲ್ಲ, ಕಾಫಿಯ ಪರಿಮಳವೂ ಇಲ್ಲ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪಾಲು ಶೇ. 51ಕ್ಕಿಂತ ಕಡಿಮೆ ಇರಕೂಡದು. ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕು. ಬಣ್ಣದ ಅಕ್ಷರಗಳನ್ನು ಬಿಟ್ಟು ಈ ಒಂದು ಸಾಲನ್ನು ಓದುವ ಅಭ್ಯಾಸ ಮಾಡಿಕೊಳ್ಳಿ.

ಬಿಡಿಯಾಗಿ ಕೊಂಡ ಪುಡಿಯನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ, ಅದರ ಮೇಲೆ ಒಂದು ಚಮಚ ಪುಡಿ ಉದುರಿಸಿ, ಕಲಕದೆ ನೋಡಿ. ಕಾಫಿಯ ಕಣಗಳಲ್ಲಿ ಎಣ್ಣೆಯಂಶ ಇರುವುದರಿಂದ ಅವು ಮೇಲೆ ತೇಲುತ್ತವೆ. ಚಿಕೋರಿಯ ಕಣಗಳು ಬೇಗ ನೀರು ಹೀರಿ ತಳಕ್ಕೆ ಇಳಿಯುತ್ತವೆ. ಇಳಿಯುವಾಗ ಕಂದು ಬಣ್ಣದ ಗೆರೆಯನ್ನು ಎಳೆಯುತ್ತವೆ. ಶಾಲೆಯ ವಿಜ್ಞಾನ ತರಗತಿಗೆ ಇದಕ್ಕಿಂತ ಅಗ್ಗದ ಪ್ರಯೋಗ ಬೇರೊಂದಿಲ್ಲ.

ಇನ್ನು ತಯಾರಿಕೆಯ ಮಾತು. ಹುರಿದು ಪುಡಿ ಮಾಡಿದ ಕಾಫಿಯ ಪರಿಮಳ ಗಾಳಿ ತಾಗಿದ ಕ್ಷಣದಿಂದಲೇ ಹಾರಲು ತೊಡಗುತ್ತದೆ. ಆದ್ದರಿಂದ ಒಂದು ಕಿಲೋ ಪೊಟ್ಟಣವನ್ನು ತಿಂಗಳುಗಟ್ಟಲೆ ಬಳಸುವ ಹೋಟೆಲಿಗಿಂತ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ತರಿಸುವ ಹೋಟೆಲಿನ ಕಾಫಿ ಮೇಲು. ನೀರು ಕುದಿ ಬಂದು, ಕುದಿ ನಿಂತ ಕ್ಷಣದಲ್ಲಿ ಫಿಲ್ಟರಿಗೆ ಬೀಳಬೇಕು. ಡಿಕಾಕ್ಷನ್ ತೊಟ್ಟಿಕ್ಕಲು ಹದಿನೈದು ಇಪ್ಪತ್ತು ನಿಮಿಷ ಬೇಕು; ಅವಸರ ಸಲ್ಲದು. ಇಳಿದ ಡಿಕಾಕ್ಷನ್ನನ್ನು ಮತ್ತೆ ಒಲೆಯ ಮೇಲಿಟ್ಟು ಕುದಿಸಿದರೆ ಪರಿಮಳ ಹೋಗಿ ಒಗರು ಉಳಿಯುತ್ತದೆ. ಅದಕ್ಕಾಗಿಯೇ ನಮ್ಮ ಪೇಟೆಗಳಲ್ಲಿ ಒಳ್ಳೆಯ ಕಾಫಿಯ ಹೊತ್ತು ಮುಂಜಾನೆಯದು. ಮೊದಲ ಡಿಕಾಕ್ಷನ್ ಇಳಿಯುವ ವೇಳೆಗೆ ಹೋಗಿ. ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಬೆಳಗಿನದನ್ನೇ ಕಾಯಿಸಿ ಕೊಡುವ ಸಾಧ್ಯತೆ ಹೆಚ್ಚು.

ಹಾಗಾದರೆ ಹುಡುಕುವುದು ಎಲ್ಲಿ? ದಾಂಡೇಲಿಯಲ್ಲಿ ಹೆದ್ದಾರಿಯ ದೀಪದ ಫಲಕಗಳನ್ನು ಬಿಟ್ಟು, ಬಂಗೂರನಗರ, ಹಳೇ ದಾಂಡೇಲಿಯಂಥ ವಸತಿ ಬಡಾವಣೆಗಳ ಕಡೆ ನಡೆಯಿರಿ. ಪಾಳಿ ಮುಗಿಸಿ ಬಂದವರು, ಪಾಳಿಗೆ ಹೊರಟವರು ಒಂದೇ ಬೆಂಚಿನಲ್ಲಿ ಕುಳಿತಿರುವ ಉಪಾಹಾರ ಗೃಹವಿದ್ದರೆ ಅಲ್ಲಿ ನಿಲ್ಲಿ. ದಿನವೂ ಬರುವ ಗಿರಾಕಿಯನ್ನು ಹೋಟೆಲಿನವನು ಮೋಸಗೊಳಿಸಲಾರ. ಹಳಿಯಾಳದಲ್ಲಿ ಕಾಫಿಗಿಂತ ಮೊದಲು ಹಾಲನ್ನು ನೋಡಿ. ಆ ಮಾತನ್ನು ಮುಂದೆ ಹೇಳುತ್ತೇನೆ. ಮುಂಡಗೋಡದಲ್ಲಿ ಟಿಬೆಟನ್ ಬಂಧುಗಳ ಕ್ಯಾಂಪುಗಳಿವೆ. 1966ರಲ್ಲಿ ನೆಲೆ ಕಳೆದುಕೊಂಡು ಬಂದ ಆ ಜನ ಇಲ್ಲಿ ಜೋಳ, ಭತ್ತ ಬೆಳೆಯಲು ಕಲಿತರು. ತಮ್ಮ ಬೆಣ್ಣೆ-ಉಪ್ಪಿನ ಚಹಾವನ್ನು ಮಾತ್ರ ಬಿಡಲಿಲ್ಲ. ಈಗ ಮಠಗಳ ಸುತ್ತಲಿನ ಸಣ್ಣ ಕೆಫೆಗಳಲ್ಲಿ ಮೊಮೊ ತಿನ್ನುವ ತರುಣ ಭಿಕ್ಷುವೂ ಹುಬ್ಬಳ್ಳಿಯಿಂದ ಬಂದ ವಿದ್ಯಾರ್ಥಿಯೂ ಪಕ್ಕಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ. ಅವಸರವಿಲ್ಲದೆ ಕುಳಿತು ಮಾತನಾಡುವ ಜಾಗ ಬೇಕೆಂದರೆ ನಾಲ್ಕು ತಾಲೂಕುಗಳಲ್ಲಿ ಅದಕ್ಕಿಂತ ಯೋಗ್ಯವಾದದ್ದು ಕಡಿಮೆ. ಜೋಯಿಡಾದಲ್ಲಿ ಪೇಟೆಗಿಂತ ಮನೆ ಮೇಲು. ಕಾಡಂಚಿನ ಹೋಂ ಸ್ಟೇಗಳಲ್ಲಿ ‘ಯಂತ್ರದ ಕಾಫಿ ಬೇಡ, ನೀವು ಮನೆಯಲ್ಲಿ ಕುಡಿಯುವುದನ್ನೇ ಕೊಡಿ’ ಎಂದು ಕೇಳಿ. ಕಷಾಯ ಬಂದರೆ ಬೇಸರಪಡಬೇಡಿ. ಅಲ್ಲಿಯ ಒಳ್ಳೆಯ ಕಾಫಿ ಅದೇ.

ಹಾಲು ಯಾರದು?

ಎರಡನೆಯ ಪ್ರಶ್ನೆ ಹಾಲಿನದು. ನಮ್ಮ ದೇಶದ ಕಾಫಿಯಲ್ಲಿ ಲೋಟದ ಬಹುಪಾಲು ಹಾಲು. ಹಸುವಿನ ಹಾಲಿನಲ್ಲಿ ಕೊಬ್ಬಿನ ಅಂಶ ಶೇ. 3ರಿಂದ 4ರಷ್ಟಿದ್ದರೆ ಎಮ್ಮೆಯ ಹಾಲಿನಲ್ಲಿ ಶೇ. 6ರಿಂದ 8ರಷ್ಟಿರುತ್ತದೆ. ಕಾಫಿಯ ಕಹಿಯನ್ನು ಹದಕ್ಕೆ ತರುವುದು ಈ ಕೊಬ್ಬೇ. ಹಳಿಯಾಳ, ಮುಂಡಗೋಡ, ಯಲ್ಲಾಪುರ, ಜೋಯಿಡಾಗಳ ಕಾಡಂಚಿನ ದಡ್ಡಿಗಳಲ್ಲಿ ವಾಸಿಸುವ ಗೌಳಿ ಜನರು ತಲೆಮಾರುಗಳಿಂದ ಎಮ್ಮೆ ಸಾಕಿ ಬದುಕಿದವರು. ಬೆಳಗಿನ ಜಾವದಲ್ಲಿ ಹಾಲು, ಬೆಣ್ಣೆ ಹೊತ್ತು ಪೇಟೆಗೆ ಬರುವ ಗೌಳಿ ಹೆಣ್ಣುಮಕ್ಕಳನ್ನು ನೋಡದವರು ಈ ಸಭೆಯಲ್ಲಿ ಇರಲಾರರು.

ಒಂದು ಸಣ್ಣ ಲೆಕ್ಕ ಹಾಕೋಣ. ದಿನಕ್ಕೆ 200 ಲೋಟ ಮಾರುವ ಒಂದು ಹೋಟೆಲನ್ನು ಊಹಿಸಿಕೊಳ್ಳಿ. ಲೋಟಕ್ಕೆ 75 ಮಿಲಿ ಲೀಟರ್ ಹಾಲು ಎಂದರೆ ದಿನಕ್ಕೆ 15 ಲೀಟರ್. ಕಾಡು ಮೇದು ಬರುವ ಊರೆಮ್ಮೆ ದಿನಕ್ಕೆ ಮೂರು ಲೀಟರ್ ಕೊಡುತ್ತದೆಂದು ಇಟ್ಟುಕೊಂಡರೆ, ಆ ಒಂದು ಹೋಟೆಲು ಐದು ಎಮ್ಮೆಗಳನ್ನು, ಅಂದರೆ ಒಂದು ಕುಟುಂಬವನ್ನು ಸಾಕುತ್ತದೆ. ಅದೇ ಹೋಟೆಲು ದೂರದ ಊರಿನ ಹಾಲಿನ ಪುಡಿಗೆ ತಿರುಗಿದ ದಿನ ಆ ಕುಟುಂಬದ ಕೊಟ್ಟಿಗೆಯಲ್ಲಿ ಎಮ್ಮೆಗಳು ಕಡಿಮೆಯಾಗುತ್ತವೆ. ಎಮ್ಮೆ ಕಡಿಮೆಯಾದರೆ ಗೊಬ್ಬರ ಕಡಿಮೆ. ಗೊಬ್ಬರ ಕಡಿಮೆಯಾದರೆ ಗದ್ದೆಗೆ ರಾಸಾಯನಿಕ ಹೆಚ್ಚು. ಹೀಗೆ ಒಂದು ಲೋಟದಿಂದ ಗದ್ದೆಯವರೆಗೂ ಸರಪಳಿ ಹೋಗುತ್ತದೆ.

ಮೇವಿನ ಪ್ರಶ್ನೆಯೂ ಇಲ್ಲಿದೆ. ಕಾಡಿನಲ್ಲಿ ಮೇಯಿಸುವ ಅವಕಾಶ ಕುಗ್ಗುತ್ತಿದೆ. ಹುಲಿಯ ಕಾಡಿಗೆ ದನಕರುಗಳ ಒತ್ತಡ ಒಳ್ಳೆಯದಲ್ಲವೆಂಬ ಮಾತಿನಲ್ಲಿ ಸತ್ಯವಿದೆ. ಗೌಳಿಗನಿಗೆ ಪರ್ಯಾಯವಾಗಿ ಗೋಮಾಳವೂ ಮೇವಿನ ಬೆಳೆಯೂ ಬೇಕೆಂಬ ಮಾತಿನಲ್ಲಿ ಇನ್ನೂ ಹೆಚ್ಚಿನ ಸತ್ಯವಿದೆ. ಒಂದನ್ನು ಹೇಳಿ ಇನ್ನೊಂದನ್ನು ಮರೆಯುವ ಪರಿಸರವಾದ ನಮ್ಮದಾಗದಿರಲಿ. ಹೋಟೆಲಿನಲ್ಲಿ ಕುಳಿತಾಗ ‘ಹಾಲು ಎಲ್ಲಿಂದ ಬರುತ್ತದೆ?’ ಎಂದು ವಿನಯದಿಂದ ಕೇಳಿ. ಊರಿನ ಹಾಲು ಎಂದು ಹೆಮ್ಮೆಯಿಂದ ಹೇಳುವ ಹೋಟೆಲಿಗೆ ಮತ್ತೆ ಹೋಗಿ.

ಕೊಡುವ ಪಾತ್ರೆ ಯಾವುದು?

ಮೂರನೆಯದು ಪಾತ್ರೆ. ಕಾಗದದ ಲೋಟವನ್ನು ಕಾಗದದ್ದೆಂದು ನಂಬಿ ನಾವು ನೆಮ್ಮದಿಯಿಂದಿದ್ದೇವೆ. ಬರಿಯ ಕಾಗದ ಬಿಸಿ ಕಾಫಿಯನ್ನು ಹಿಡಿದಿಡಲಾರದು. ಅದರ ಒಳಮೈಗೆ ಪ್ಲಾಸ್ಟಿಕ್ಕಿನ ತೆಳು ಪದರವನ್ನು ಅಂಟಿಸಿರುತ್ತಾರೆ. ಖರಗಪುರದ ಐಐಟಿಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥ ಲೋಟದಲ್ಲಿ 100 ಮಿಲಿ ಲೀಟರ್ ಬಿಸಿ ದ್ರವವನ್ನು 15 ನಿಮಿಷ ಇಟ್ಟರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರೊಳಗೆ ಸೇರುತ್ತವೆ. ಎಸೆದ ಮೇಲೆ ಈ ಲೋಟ ಪೂರ್ತಿ ಕೊಳೆಯುವುದೂ ಇಲ್ಲ. ಪದರವನ್ನು ಬೇರ್ಪಡಿಸದೆ ಮರಳಿ ಕಾಗದವಾಗುವುದೂ ಇಲ್ಲ.

ಕಾಗದಕ್ಕೂ ನಮ್ಮ ನೆಲಕ್ಕೂ ಹಳೆಯ ನಂಟಿದೆ. ಇಲ್ಲಿಯ ಬಿದಿರನ್ನು ನಂಬಿಯೇ ಕಾಗದ ಕಾರ್ಖಾನೆ ಬಂದಿತು. ಮುಗಿಯದ ಸಂಪತ್ತೆಂದು ಭಾವಿಸಿದ್ದ ಆ ಬಿದಿರು ಎಷ್ಟು ಬೇಗ ಕ್ಷೀಣಿಸಿತೆಂಬುದನ್ನು ಮಾಧವ ಗಾಡ್ಗೀಳರು 1970ರ ದಶಕದಿಂದ ನಡೆಸಿದ ಅಧ್ಯಯನಗಳು ನಾಡಿಗೆ ತಿಳಿಸಿದವು. ಬುಟ್ಟಿ ಹೆಣೆಯುವವನಿಗೆ ಬಿದಿರು ಸಿಗದೆ ಹೋದ ಕಥೆಯನ್ನು ನಿಮ್ಮ ಅಜ್ಜಂದಿರು ಹೇಳಿಯಾರು. ಒಂದು ಬಾರಿ ಕುಡಿದು ಎಸೆಯುವ ಲೋಟವನ್ನು ಕೈಯಲ್ಲಿ ಹಿಡಿದಾಗ ಆ ಕಥೆಯನ್ನು ನೆನೆಯುವುದು ಒಳ್ಳೆಯದು.

ಲೆಕ್ಕವನ್ನು ಮುಂದುವರಿಸೋಣ. ದಿನಕ್ಕೆ 200 ಲೋಟದ ಅದೇ ಹೋಟೆಲು ಕಾಗದದ ಲೋಟ ಬಳಸಿದರೆ ವರ್ಷಕ್ಕೆ 73,000 ಲೋಟಗಳಾಗುತ್ತವೆ. ಅಂಥ ಇಪ್ಪತ್ತು ಅಂಗಡಿಗಳಿದ್ದರೆ ಸುಮಾರು ಹದಿನಾಲ್ಕೂವರೆ ಲಕ್ಷ. ಒಂದು ಪಾಲು ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಕಾಳಿಗೆ. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ ಕಾರವಾರದ ಕಡಲನ್ನು ಸೇರುವ, ಸುಮಾರು 184 ಕಿಲೋಮೀಟರ್ ಉದ್ದದ ನಮ್ಮ ಹೊಳೆ ಅಣೆಕಟ್ಟುಗಳನ್ನೂ ಕಾರ್ಖಾನೆಯ ನೀರನ್ನೂ ಈಗಾಗಲೇ ಹೊತ್ತಿದೆ. ಅದರ ಮೇಲೆ ನಮ್ಮ ಕಾಫಿಯ ಲೋಟವನ್ನೂ ಹೊರಿಸಬೇಕೆ?

ಸ್ಟೀಲಿನ ಲೋಟ ತೊಳೆಯಲು ನೀರು ಬೇಕಲ್ಲ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಲೋಟಕ್ಕೆ 200 ಮಿಲಿ ಲೀಟರ್ ಎಂದುಕೊಂಡರೂ ದಿನಕ್ಕೆ 40 ಲೀಟರ್, ಎಂದರೆ ಎರಡು ಮೂರು ಕೊಡ. ಆ ನೀರನ್ನು ಹಿತ್ತಿಲ ಬಾಳೆಗೆ ಬಿಡಬಹುದು. ತೊಳೆದ ಲೋಟಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದರೆ ಸೋಂಕಿನ ಭಯವೂ ಇಲ್ಲ. ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಲೋಟಗಳ ಮೇಲೆ ನಿಷೇಧವಿದೆ; 2022ರ ಜುಲೈ 1ರಿಂದ ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳ ನಿಷೇಧ ಜಾರಿಗೆ ಬಂದಿತು. ಆದರೆ ಪ್ಲಾಸ್ಟಿಕ್ ಲೇಪಿಸಿದ ಕಾಗದದ ಲೋಟ ದೇಶದ ಆ ಪಟ್ಟಿಯಲ್ಲಿ ಸೇರಲಿಲ್ಲ. ಕಾನೂನು ನಿಲ್ಲುವ ಕಡೆ ಗಿರಾಕಿಯ ವಿವೇಕ ಆರಂಭವಾಗಬೇಕು.

ಉಳವಿಯ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬರುವ ಭಕ್ತರು ಅಡುಗೆಯ ಪಾತ್ರೆ-ಪರಡಿಗಳನ್ನು ಜೊತೆಗೇ ತರುತ್ತಿದ್ದವರು. ಜಾತ್ರೆಗೆ ತಟ್ಟೆ-ಲೋಟ ಹೊತ್ತು ತರುವುದು ಹೊರೆ ಎಂದು ಅವರಿಗೆ ಅನ್ನಿಸಲಿಲ್ಲ. ಚೀಲದಲ್ಲಿ ಒಂದು ಲೋಟವಿಟ್ಟುಕೊಂಡು ತಿರುಗುವುದು ನಮಗೆ ಹೊಸ ಪಾಠವಲ್ಲ, ಮರೆತ ಪಾಠ.

ನೆರಳು ಯಾವ ಮರದ್ದು?

ನಾಲ್ಕನೆಯ ಪ್ರಶ್ನೆಯೇ ನಮಗೆ ಅತ್ಯಂತ ಮುಖ್ಯವಾದದ್ದು. ಏಕೆಂದರೆ ನಾವು ಈಗ ಕಾಫಿ ಕುಡಿಯುವವರಷ್ಟೇ ಆಗಿ ಉಳಿದಿಲ್ಲ, ಬೆಳೆಯುವವರೂ ಆಗುತ್ತಿದ್ದೇವೆ. ಸಿರ್ಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟಗಳಲ್ಲಿ ಕಾಫಿ ಉಪಬೆಳೆಯಾಗಿ ಹಬ್ಬುತ್ತಿದೆ. ಅಡಿಕೆಗೆ ಎಲೆಚುಕ್ಕಿ ರೋಗ ಕಾಡಿದ ಮೇಲೆ ಇನ್ನೊಂದು ಬೆಳೆಯ ಆಸರೆ ಬೇಕೆಂದು ರೈತರಿಗೆ ಅನ್ನಿಸಿದ್ದು ಸಹಜ. ಮೇಲಾಗಿ ವಿಯೆಟ್ನಾಂ, ಬ್ರೆಜಿಲ್‌ಗಳ ಬರದಿಂದ 2024ರಲ್ಲೂ 2025ರ ಆರಂಭದಲ್ಲೂ ಕಾಫಿಯ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿತು. ದಾಂಡೇಲಿ, ಜೋಯಿಡಾಗಳ ಎತ್ತರ ಅರೇಬಿಕಾಕ್ಕೆ ಸಾಲದು. ಸಾವಿರ ಮೀಟರಿನ ಮೇಲಿನ ತಂಪು ಅದಕ್ಕೆ ಬೇಕು. ರೋಬಸ್ಟಾ ಐನೂರು ಮೀಟರಿನ ಆಸುಪಾಸಿನಲ್ಲೂ ಬರುತ್ತದೆ, ರೋಗವನ್ನೂ ಹೆಚ್ಚು ತಾಳಿಕೊಳ್ಳುತ್ತದೆ. ಹಾಗಾಗಿ ನಾಳೆ ನಮ್ಮ ಕಡೆ ಬರುವ ಸಸಿ ರೋಬಸ್ಟಾದ್ದೇ.

ಬರಲಿ, ಆದರೆ ಎರಡು ಮಾತು ಗಮನದಲ್ಲಿರಲಿ. ಮೊದಲನೆಯದು ಬೆಲೆಯ ಮಾತು. ಏರಿದ ಬೆಲೆ ಇಳಿಯುತ್ತದೆ. 2001ರ ಸುಮಾರಿಗೆ ಕಾಫಿಯ ಬೆಲೆ ಪ್ರಪಂಚದಾದ್ಯಂತ ಕುಸಿದು, ಕೊಡಗು, ಚಿಕ್ಕಮಗಳೂರುಗಳ ಸಣ್ಣ ಬೆಳೆಗಾರರು ಕೊಯ್ಲಿನ ಕೂಲಿಯೂ ಹುಟ್ಟದೆ ಕಂಗಾಲಾದರು. ನೆಟ್ಟ ಗಿಡ ಫಲ ಕೊಡಲು ಮೂರು ನಾಲ್ಕು ವರ್ಷ ಬೇಕು. ಇಂದಿನ ಬೆಲೆ ನೋಡಿ ನೆಟ್ಟವನು ನಾಳಿನ ಬೆಲೆಗೆ ಮಾರಬೇಕಾಗುತ್ತದೆ. ಉಪಬೆಳೆಯಾಗಿದ್ದರೆ ಆ ಏಟನ್ನು ತಾಳಬಹುದು. ಅದೊಂದೇ ಬೆಳೆಯಾಗಿದ್ದರೆ ತಾಳಲಾಗದು.

ಎರಡನೆಯದು ಮರದ ಮಾತು. ಭಾರತದ ಕಾಫಿಗೆ ಹೆಸರು ಬಂದದ್ದೇ ನೆರಳಿನಲ್ಲಿ ಬೆಳೆದದ್ದರಿಂದ. ಅತ್ತಿ, ಹಲಸು, ನಂದಿ, ಮತ್ತಿ ಮರಗಳ ಕೆಳಗಿನ ತೋಟದಲ್ಲಿ ಹಕ್ಕಿಗಳಿರುತ್ತವೆ, ನೆಲದಲ್ಲಿ ತೇವವಿರುತ್ತದೆ, ತರಗೆಲೆಯೇ ಗೊಬ್ಬರವಾಗುತ್ತದೆ. ಆದರೆ ಕೊಡಗು, ಚಿಕ್ಕಮಗಳೂರುಗಳಲ್ಲಿ ಎಷ್ಟೋ ತೋಟಗಳು ಕಾಡುಮರಗಳನ್ನು ಕಳೆದುಕೊಂಡು, ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಮರಗಳ ಸಾಲುಗಳಾಗಿವೆ. ಅದು ಬೇಗ ಬೆಳೆಯುತ್ತದೆ, ನೇರ ನಿಲ್ಲುತ್ತದೆ, ಮೆಣಸಿನ ಬಳ್ಳಿಗೆ ಆಧಾರವಾಗುತ್ತದೆ, ಕಡಿದು ಮಾರಲೂ ಸುಲಭ. ಆದರೆ ನಮ್ಮ ಮಂಗಟ್ಟೆಗೆ ಅದರಲ್ಲಿ ತಿನ್ನುವ ಹಣ್ಣೂ ಇಲ್ಲ, ಗೂಡಿಗೆ ಪೊಟರೆಯೂ ಇಲ್ಲ. ಅದೇ ದಾರಿಯನ್ನು ನಮ್ಮ ಸೊಪ್ಪಿನ ಬೆಟ್ಟಗಳಲ್ಲಿ ಹಿಡಿದರೆ ಅಡಿಕೆಗೆ ಸೊಪ್ಪೂ ಉಳಿಯದು, ಊರಿಗೆ ಒರತೆಯೂ ಉಳಿಯದು.

ಹಣ್ಣಿನ ಸಿಪ್ಪೆ ಸುಲಿದು ತೊಳೆಯುವ ಒದ್ದೆ ಸಂಸ್ಕರಣೆಗೆ ನೀರು ಬಹಳ ಬೇಕು. ಹೊರಬೀಳುವ ಹುಳಿನೀರನ್ನು ಹಳ್ಳಕ್ಕೆ ಬಿಟ್ಟರೆ ನೀರಿನ ಆಮ್ಲಜನಕ ಕುಸಿದು ಮೀನು ಸಾಯುತ್ತದೆ. ಹಣ್ಣನ್ನು ಇಡಿಯಾಗಿ ಅಂಗಳದಲ್ಲಿ ಒಣಗಿಸುವ ಚೆರ್ರಿ ವಿಧಾನಕ್ಕೆ ಹನಿ ನೀರೂ ಬೇಡ. ಅಡಿಕೆ ಒಣಗಿಸಿ ಬಲ್ಲ ನಮ್ಮ ಅಂಗಳಗಳಿಗೆ ಅದು ಹೊಸ ವಿದ್ಯೆಯೇನಲ್ಲ.

ಹೊರಗಿನ ಪ್ರಪಂಚವೂ ಈಗ ಇದೇ ಪ್ರಶ್ನೆಯನ್ನು ಕೇಳತೊಡಗಿದೆ. ಐರೋಪ್ಯ ಒಕ್ಕೂಟವು 2023ರಲ್ಲಿ ಒಂದು ಕಾಯಿದೆ ಮಾಡಿತು. 2020ರ ಡಿಸೆಂಬರ್ 31ರ ಅನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ. ಜಾರಿಯ ದಿನವನ್ನು ಮತ್ತೆ ಮತ್ತೆ ಮುಂದೂಡಿದ್ದರೂ ತತ್ತ್ವ ಸ್ಪಷ್ಟವಾಗಿದೆ. ನಮ್ಮ ಕಾಫಿಯ ಬಹುಪಾಲು ವಿದೇಶಕ್ಕೆ, ಅದರಲ್ಲೂ ಯುರೋಪಿಗೆ ಹೋಗುವುದರಿಂದ ಈ ಮಾತು ಕಿವಿಗೆ ಬೀಳದಂತೆ ಇರಲಾಗದು. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನ ನೆಲವನ್ನು ಉತ್ತು ಬದುಕಿದವರಿಗೆ ಅರಣ್ಯ ಹಕ್ಕು ಕಾಯಿದೆ ಕೊಡಮಾಡಿದ ಹಕ್ಕಿನ ಮಾತು ಬೇರೆ. ಅದನ್ನು ನಾವು ಬೆಂಬಲಿಸುತ್ತೇವೆ. ಬೆಲೆಯ ಆಸೆಗೆ ಇಂದು ಹೊಸದಾಗಿ ಬೆಟ್ಟ ಬೋಳಿಸುವ ಮಾತು ಬೇರೆ. ತೋಟದ ನೆರಳಿಗೆ ಕಾಫಿ ಬರಲಿ. ಕಾಫಿಯ ಹೆಸರಿನಲ್ಲಿ ಕಾಡು ಹೋಗದಿರಲಿ.

ನಮ್ಮದೇ ಒಂದು ಕಾಫಿ ಮನೆ

ಮುಗಿಸುವ ಮುನ್ನ ಒಂದು ಉದಾಹರಣೆ. ಕಾಫಿ ಮಂಡಳಿಯು ನಡೆಸುತ್ತಿದ್ದ ಕಾಫಿ ಹೌಸುಗಳನ್ನು 1950ರ ದಶಕದಲ್ಲಿ ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡ ಕಾರ್ಮಿಕರು ಕಂಗೆಡಲಿಲ್ಲ. ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರ ಆಗಸ್ಟಿನಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ. ಬಡಿಸುವವನೇ ಒಡೆಯನಾದ ಇಂಡಿಯಾ ಕಾಫಿ ಹೌಸು ಲೇಖಕರಿಗೂ ವಿದ್ಯಾರ್ಥಿಗಳಿಗೂ ಗಂಟೆಗಟ್ಟಲೆ ಮಾತನಾಡುವ ತಾಣವಾಯಿತು. ನಾಲ್ಕು ದಶಕಗಳ ಅನಂತರ, 1996ರಲ್ಲಿ, ಅದೇ ಊರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ಬಾಗಿಲು ತೆರೆಯಿತು. ಆಧುನಿಕ ಕೆಫೆಯ ರೂಢಿ ಅಲ್ಲಿಂದ ಹಬ್ಬಿತು. ನಮ್ಮಂಥ ಸಣ್ಣ ಊರುಗಳಿಗೆ ಇವೆರಡರಲ್ಲಿ ಹೆಚ್ಚು ಹೊಂದುವುದು ಮೊದಲನೆಯ ದಾರಿ ಎಂದು ನನ್ನ ಭಾವನೆ.

ಸ್ತ್ರೀಶಕ್ತಿ ಸಂಘಗಳು ನಮ್ಮ ಹಳ್ಳಿಗಳಲ್ಲಿವೆ. ಜೋಯಿಡಾದ ಕುಣಬಿ ಬಂಧುಗಳು ಗೆಡ್ಡೆ-ಗೆಣಸು ಮೇಳ ನಡೆಸಿ, ತಮ್ಮ ಬೆಳೆಗೆ ತಾವೇ ಮಾರುಕಟ್ಟೆ ಹುಡುಕಿದ್ದಾರೆ. ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಸಿದ್ದಿ ಬಂಧುಗಳಿದ್ದಾರೆ, ಗೌಳಿಗರಿದ್ದಾರೆ. ಬಸ್ ನಿಲ್ದಾಣದ ಬಳಿ ಒಂದು ಸಣ್ಣ ಕೊಠಡಿ. ಗೌಳಿ ದಡ್ಡಿಯ ಹಾಲು, ಯಲ್ಲಾಪುರದ ತೋಟದ ಕಾಫಿ, ಮನೆಯಲ್ಲಿ ಹುರಿದ ಕಷಾಯದ ಪುಡಿ, ಬೇಸಿಗೆಯಲ್ಲಿ ಮುರುಗಲ ಪಾನಕ, ಬೇಯಿಸಿದ ಗೆಣಸು, ತೊಳೆದಿಟ್ಟ ಸ್ಟೀಲಿನ ಲೋಟ. ಇಷ್ಟರಲ್ಲಿ ನಮ್ಮಲ್ಲಿ ಇಲ್ಲದ್ದು ಯಾವುದು? ಕೊಠಡಿಯ ಬಾಡಿಗೆ ಮತ್ತು ನಿತ್ಯದ ಗಿರಾಕಿ, ಇವೆರಡೇ. ಎರಡನೆಯದನ್ನು ವಿದ್ಯಾರ್ಥಿಗಳು ಕೊಡಬಲ್ಲಿರಿ. ಪ್ರವಾಸಿ ವಾರಾಂತ್ಯಕ್ಕೆ ಬಂದು ಹೋಗುತ್ತಾನೆ. ಸೋಮವಾರದಿಂದ ಶುಕ್ರವಾರದವರೆಗೆ ಹೋಟೆಲನ್ನು ಬದುಕಿಸುವವರು ಊರಿನವರು.

ಈ ಶಿಬಿರದಿಂದ ಹೊರಟಾಗ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಬಡಾವಣೆಯ, ನಿಮ್ಮ ಹಳ್ಳಿಯ ತಿರುವಿನ ಹೋಟೆಲುಗಳಿಗೆ ಎರಡು ಮೂರು ಜನ ಕೂಡಿ ಹೋಗಿ. ನಾಲ್ಕು ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಬರೆದುಕೊಳ್ಳಿ. ಗದರಬೇಡಿ, ಉಪದೇಶಿಸಬೇಡಿ. ಬೆಳಗಿನ ನಾಲ್ಕು ಗಂಟೆಗೆ ಎದ್ದು ಒಲೆ ಹೊತ್ತಿಸುವವನಿಗೆ ನಮ್ಮ ಉಪದೇಶಕ್ಕಿಂತ ನಮ್ಮ ನಿತ್ಯದ ಹಾಜರಿ ಹೆಚ್ಚು ಬೆಲೆಯುಳ್ಳದ್ದು. ಸ್ಟೀಲಿನ ಲೋಟ ಉಳಿಸಿಕೊಂಡವರಿಗೆ, ಊರ ಹಾಲು ಕೊಳ್ಳುವವರಿಗೆ ‘ನಿಮ್ಮಲ್ಲಿ ಕಾಫಿ ಚೆನ್ನಾಗಿದೆ’ ಎಂದು ಬಾಯಿಬಿಟ್ಟು ಹೇಳಿ. ಒಳ್ಳೆಯದನ್ನು ಒಳ್ಳೆಯದೆಂದು ಹೇಳುವವರ ಕೊರತೆಯಿಂದಲೇ ಎಷ್ಟೋ ಒಳ್ಳೆಯ ಹೋಟೆಲುಗಳು ಮುಚ್ಚಿವೆ.

ಹಾಗೆ ನೀವು ಬರೆದು ತಂದ ಉತ್ತರಗಳನ್ನು ಈ ಪತ್ರಿಕೆ ಸಂತೋಷದಿಂದ ಪ್ರಕಟಿಸೀತು. ಆಗ ‘ಒಳ್ಳೆಯ ಕಾಫಿ ಎಲ್ಲಿ ಸಿಗುತ್ತದೆ?’ ಎಂಬ ಪ್ರಶ್ನೆಗೆ ಉತ್ತರ ಹೇಳಲು ಹೊರಗಿನ ಉಪನ್ಯಾಸಕನ ಅಗತ್ಯವಿರುವುದಿಲ್ಲ.